ಭಾವನ ಟ್ರಕ್ಕಿಗೆ ಸಸ್ಪೆನ್ಷನ್ ಆರಿಸಿದ್ದು

ಕಾರಿನ ಆಯಿಲ್ ಬದಲಾಯಿಸಲು ಕೊಟ್ಟು ಸನ್ನಿವೇಲ್‌ನ ಒಂದು ಗ್ಯಾರೇಜಿನಲ್ಲಿ ಕಾಯುತ್ತ ಕುಳಿತಿದ್ದೇನೆ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎವರ್‌ಗ್ರೀನ್ ಬಡಾವಣೆಯಲ್ಲಿರುವ ನಮ್ಮ ಭಾವ ನೆನಪಾದರು. ಮಲ್ಲಿಗೆಯ ಘಮಕ್ಕೆ ನೆಂಟರನ್ನು ನೆನೆಯುವ ಪುಣ್ಯವಂತರೂ ಇದ್ದಾರೆ. ನನ್ನ ಹಣೆಬರಹ ಹೀಗಿದೆ.

ಭಾವ ಅಂದರೆ ಅಕ್ಕನ ಗಂಡ, ಮದ್ದೂರಿನವರು. ಆರು ವರ್ಷದ ಹಿಂದೆ ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ತಿಂಗಳಿಗೇ ಎದುರು ಮನೆಯ ಫ್ರಾಂಕ್ ಎಂಬ ಮುದುಕರಿಂದ, ತಮಗಿಂತ ವಯಸ್ಸಾದ ಒಂದು ಪಿಕಪ್ ಟ್ರಕ್ಕನ್ನು ಕೊಂಡುಬಿಟ್ಟರು. “ಫ್ರೇಮಿಗೆ ಒಂದಿಷ್ಟೂ ತುಕ್ಕಿಲ್ಲ ಕಣಯ್ಯ” ಎಂದು ಅದರ ಕೆಳಗೆ ನನ್ನನ್ನು ಮಲಗಿಸಿ ತೋರಿಸಿದರು. ನನಗೆ ಕಂಡದ್ದು ಒಂದು ಜೇಡರ ಬಲೆ.

ಮೊದಲ ಸವಾರಿ ದೇವಸ್ಥಾನಕ್ಕೆ. ಅಕ್ಕನ ತೊಡೆಯ ಮೇಲೆ ಪಾಯಸದ ಪಾತ್ರೆ. ಫ್ರೀವೇ ಇಳಿಯುವ ಹೊತ್ತಿಗೆ ಪಾಯಸವೆಲ್ಲ ಅವಳ ಸೀರೆಗೇ ನೈವೇದ್ಯವಾಗಿತ್ತು. “ಎತ್ತಿನ ಗಾಡಿ ಸಾಕಪ್ಪಾ ಸಾಕು ಅಂತಲ್ವಾ ಮದ್ದೂರು ಬಿಟ್ಟಿದ್ದು” ಎಂದವಳು ಮತ್ತೆ ಟ್ರಕ್ಕು ಹತ್ತಲಿಲ್ಲ. ಭಾವ ಅದರಲ್ಲಿ ಹೊರಟರೆ ಇವಳು ತನ್ನ ಕಾರಿನಲ್ಲಿ ಹಿಂದೆ ಹಿಂದೆ ಬರತೊಡಗಿದಳು.

ಆ ಟ್ರಕ್ಕಿನ ಮುಂದಿನ ಎರಡು ಚಕ್ರಗಳಿಗೂ ಒಂದೇ ಕಬ್ಬಿಣದ ಅಚ್ಚು. ಒಂದು ಹಳ್ಳಕ್ಕೆ ಇಳಿದರೆ ಇನ್ನೊಂದಕ್ಕೂ ಏಟು. ಅದನ್ನು ತೆಗೆದು, ಪ್ರತಿ ಚಕ್ರವೂ ತನ್ನ ಪಾಡಿಗೆ ತಾನು ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕಿಟ್ಟು ಹಾಕಿಸಬಹುದೆಂದು ಭಾವ ಪತ್ತೆಹಚ್ಚಿದರು.

“ಒಂದರ ಕಷ್ಟ ಇನ್ನೊಂದಕ್ಕೆ ತಟ್ಟೋದೇ ಇಲ್ಲ” ಎಂದು ಅಕ್ಕನಿಗೆ ವಿವರಿಸಿದರು.

“ಅದಕ್ಕೆ ಕಿಟ್ಟು ಯಾಕ್ರೀ, ನೀವೇ ಇದೀರಲ್ಲ” ಎಂದಳು ಅಕ್ಕ.

ಕಿಟ್ಟುಗಳಲ್ಲಿ ಎರಡು ಬಗೆ. ಒಂದನ್ನು ಬೋಲ್ಟ್ ಹಾಕಿ ಕೂರಿಸಬಹುದು, ಬೇಡವಾದರೆ ಬಿಚ್ಚಬಹುದು. ಇನ್ನೊಂದಕ್ಕೆ ಹಳೆಯ ಫ್ರೇಮನ್ನೇ ಕತ್ತರಿಸಿ ವೆಲ್ಡ್ ಮಾಡಬೇಕು. ಭಾವ ನನ್ನ ಸಲಹೆ ಕೇಳಿದರು. ಸ್ಕ್ರೂ ಡ್ರೈವರನ್ನು ಉಲ್ಟಾ ಹಿಡಿಯುವ ನಾನು ಮಾಡಬಲ್ಲದ್ದನ್ನೇ ಮಾಡಿದೆ: ದೊಡ್ಡದೊಂದು ಸ್ಪ್ರೆಡ್‌ಶೀಟು. ಬಣ್ಣಬಣ್ಣದ ಅಂಕಣಗಳಲ್ಲಿ ಬೋಲ್ಟಿನ ಕಿಟ್ಟು ಗೆದ್ದಿತು. ಆರ್ಡರ್ ಮಾಡುವ ಮುನ್ನ ಅವರ ಮನೆಯ ಗ್ಯಾರೇಜಿಗೆ ಕಾಫಿ ತಂದ ಅಕ್ಕ, ಬಂದವರಿಗೆಲ್ಲ ಬ್ಲೌಸು ಹೊಲಿದುಕೊಡುವವಳು, ನಾನು ಟ್ರಕ್ಕಿನ ಅಗಲ ಅಳೆದ ರೀತಿ ಕೇಳಿ ಹಣೆ ಚಚ್ಚಿಕೊಂಡಳು.

“ಲೋ, ಸ್ವೆಟರ್ ಮೇಲೆ ಬ್ಲೌಸಿನ ಅಳತೆ ತಗೋತಾರೇನೋ? ಟೈರಿಂದ ಟೈರಿಗಲ್ಲ, ಚಕ್ರ ಕೂರೋ ಜಾಗದಿಂದ ಅಳೆಯಬೇಕು.”

ತಾನೇ ಟೇಪು ಹಿಡಿದು ಅಳೆದಳು. ನಾನು ಆರಿಸಿದ್ದನ್ನು ಹಾಕಿದ್ದರೆ ಚಕ್ರಗಳು ಮಡ್‌ಗಾರ್ಡಿನಾಚೆ ಕಿವಿಯಂತೆ ಚಾಚಿಕೊಳ್ಳುತ್ತಿದ್ದವು. ಸರಿಹೊಂದುತ್ತಿದ್ದದ್ದು ಕತ್ತರಿಸುವ ಕಿಟ್ಟು ಮಾತ್ರ.

ಭಾವ ಅಲ್ಲಿ ನಿಂತುಬಿಟ್ಟರು. ಕೀಲಿ ಕೊಡುವಾಗ ಫ್ರಾಂಕ್, “ಇದನ್ನು ಇದ್ದ ಹಾಗೇ ಇಟ್ಟುಕೋ” ಎಂದಿದ್ದರಂತೆ. ಇವರು ಮಾತು ಕೊಟ್ಟಿದ್ದರಂತೆ. ಮೂರು ವಾರ ಟ್ರಕ್ಕಿನ ಸುದ್ದಿಯೇ ಎತ್ತಲಿಲ್ಲ. ಕೊನೆಗೊಂದು ಭಾನುವಾರ ನನ್ನನ್ನು ಜೊತೆಗೆಳೆದುಕೊಂಡು ರಸ್ತೆ ದಾಟಿದರು.

ಫ್ರಾಂಕ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: “ನಿನ್ನ ಹೆಂಡತಿ ಹಿಂದೆ ಕಾರಿನಲ್ಲಿ ಬರುವುದನ್ನು ಕಿಟಕಿಯಿಂದ ನೋಡುತ್ತಿರುತ್ತೇನೆ. ನನ್ನವಳೂ ಹಾಗೇ ಬರುತ್ತಿದ್ದಳು. ಬೆನ್ನು ನೋಯುತ್ತದೆ ಅಂದರೆ ನಾನು ನಗುತ್ತಿದ್ದೆ. ಮೂವತ್ತು ವರ್ಷ ಅವಳನ್ನು ಟ್ರಕ್ಕಿನ ಕನ್ನಡಿಯಲ್ಲೇ ನೋಡಿದೆ. ಈಗ ಅಲ್ಲೂ ಇಲ್ಲ. ನೀನು ಕತ್ತರಿಸು.”

ಭಾವ ಮನೆಗೆ ಬಂದು, ಶೂ ಬಿಚ್ಚುವ ಮೊದಲೇ ಕಿಟ್ಟಿಗೆ ಆರ್ಡರ್ ಮಾಡಿದರು. ಗೇಲಿ ಮಾಡಬೇಕೆಂದು ನನಗೂ ಆ ದಿನ ಅನ್ನಿಸಲಿಲ್ಲ.

ಕೆಲಸ ಮುಗಿದ ಮೇಲೆ ಅಕ್ಕನನ್ನು ಹತ್ತಿಸಿಕೊಂಡು ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದರು. ಹೇಗಿತ್ತು ಎಂದು ಕೇಳಿದೆ. “ಏನು ಹೇಳಲಿ, ಎರಡನೇ ತಿರುವಿಗೇ ನಿದ್ದೆ ಹೋದಳು” ಎಂದರು ಭಾವ, ಪ್ರಶಸ್ತಿ ಬಂದವರ ಹಾಗೆ.

ಈ ಗ್ಯಾರೇಜಿನಲ್ಲಿ ಕುಳಿತಿರುವ ನನ್ನ ಫೋನಿನಲ್ಲಿ ಹದಿನಾಲ್ಕು ಸೋಫಾಗಳ ಪಟ್ಟಿ ಇದೆ. ನಾಲ್ಕು ತಿಂಗಳಿಂದ ನಾನೊಬ್ಬನೇ ಹೋಲಿಸುತ್ತಿದ್ದೇನೆ. ಅದನ್ನು ಮುಚ್ಚಿ, ಮೌಂಟನ್ ವ್ಯೂ ಊರಿನ ಆಫೀಸಿನಲ್ಲಿರುವ ಹೆಂಡತಿಗೆ ಫೋನ್ ಮಾಡಿದೆ.

“ಸೋಫಾ ವಿಷಯ. ನಿನಗೆ ಎಂಥದ್ದು ಬೇಕು?”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಇರು” ಎಂದಳು, “ಮೀಟಿಂಗಿಂದ ಎದ್ದು ಹೊರಗೆ ಬರ್ತೀನಿ.”