ಕೊನೆಯ ಮಡಿಕೆ

ನನ್ನ ಭಾವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಂಡ, ಅತ್ತೆ, ಮೈದುನ ಮತ್ತು ನಾನು, ಇಷ್ಟೇ ಅವರ ಸಂಸಾರ; ಮಕ್ಕಳಿರಲಿಲ್ಲ. ಅವರು ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವರನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ಅದೇ ಅಂಗಡಿಯಲ್ಲಿ ನಾನು ಅಂಟು ಬಳಿಯುತ್ತಿದ್ದೆ. ಸಂಜೆ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ನಾನು ಪುಸ್ತಕ ಹಿಡಿದು ಕುಳಿತರೆ ಅವರ ಕೈಯ ಪಾತ್ರೆಗಳಿಗೆ ಬಾಯಿ ಬರುತ್ತಿತ್ತು.

ಗಿರಾಕಿಗಳು ಕಟ್ಟಲು ಕೊಟ್ಟು ವರ್ಷವಾದರೂ ಒಯ್ಯದ ಪುಸ್ತಕಗಳನ್ನು ಮಾಲೀಕರು ಕೆಲಸದವರಿಗೆ ಹಂಚುವುದು ಅಂಗಡಿಯ ರೂಢಿ. ಹಿರಿಯರದು ಮೊದಲ ಆಯ್ಕೆ. ಆ ವರ್ಷ ಮೇಜಿನ ಮೇಲೆ ಮೂರು ಕಟ್ಟುಗಳಿದ್ದವು: ಹಳೆಯ ಹೆಸರಾಂತ ಕಾದಂಬರಿಗಳು, ಸಾಹಿತ್ಯ ವಿಮರ್ಶೆ, ಗಣಿತದ ಪಠ್ಯಪುಸ್ತಕಗಳು. ಹೊಲಿಗೆಯಕ್ಕನಿಗೆ ಕಾದಂಬರಿಯೆಂದರೆ ಪ್ರಾಣ. ಆದರೆ ಹೊಲಿಯುವವರ ಓದು ಮಡಿಕೆಯ ಓದು. ದೊಡ್ಡ ಹಾಳೆ ಮಡಚಿ ಮಾಡಿದ ಹದಿನಾರು ಪುಟಗಳ ಒಂದು ಮಡಿಕೆ ಕೈಯಲ್ಲಿರುವಷ್ಟು ಹೊತ್ತು ಕಣ್ಣಿಗೆ ಬಿದ್ದದ್ದಷ್ಟೇ ಲಾಭ. ಇಡೀ ಕಥೆಯೊಂದು ಅವರಿಗೆ ಎಂದೂ ದಕ್ಕಿರಲಿಲ್ಲ.

ನನಗೆ ಪರೀಕ್ಷೆ ಹತ್ತಿರವಿತ್ತು. ಕಣ್ಣು ಗಣಿತದ ಮೇಲಿತ್ತು. ಅವರು ನನ್ನ ಮುಖವನ್ನೊಮ್ಮೆ ನೋಡಿ ಗಣಿತದ ಕಟ್ಟನ್ನೇ ಎತ್ತಿಕೊಂಡರು.

"ಲೆಕ್ಕ ನಿಮಗ್ಯಾಕೆ, ಅಕ್ಕ?"

"ಯಾಕೆ, ಲೆಕ್ಕ ನಿಮ್ಮಪ್ಪನ ಮನೆ ಆಸ್ತೀನಾ?"

ನಾನು ಕಾದಂಬರಿಗಳನ್ನು ತೆಗೆದುಕೊಂಡೆ. ಯಾರೂ ಮುಟ್ಟದ ವಿಮರ್ಶೆಯನ್ನು ಮಾಲೀಕರು ಅಂಟಿಸಿದ ಪುಸ್ತಕಗಳ ಮೇಲೆ ಭಾರಕ್ಕಿಟ್ಟರು.

ಅಂದಿನಿಂದ ಮನೆಯಲ್ಲಿ ನಾನು ಓದುವುದು, ಅತ್ತೆ ಕೇಳುವುದು ಮೊದಲಾಯಿತು. ಅಷ್ಟು ವರ್ಷ ಹಿರಿಸೊಸೆಯ ಪಕ್ಕ ಬಿಟ್ಟು ಕದಲದ ಅತ್ತೆ ನನ್ನ ಕಡೆ ವಾಲಿದರು. ಹೊಲಿಗೆಯಕ್ಕ ಒಳಕೋಣೆಯಲ್ಲಿ ಗಣಿತದ ಪುಸ್ತಕ ತೆರೆದು, ಕಿವಿಯನ್ನು ಮಾತ್ರ ನಮ್ಮ ಬಳಿ ಬಿಟ್ಟು ಕೂರುತ್ತಿದ್ದರು.

ಮೊದಲ ಕಾದಂಬರಿ ಮುಗಿಯಬೇಕಾದ ದಿನ ಅದರ ಕೊನೆಯ ಮಡಿಕೆಯೇ ಇರಲಿಲ್ಲ. ದಾರ ಬಿಚ್ಚಿ ತೆಗೆದ ಗುರುತೂ ಕಾಣದ ಅಚ್ಚುಕಟ್ಟು. ಅಂಥ ಕೈ ಊರಿಗೆ ಒಂದೇ.

"ಮುಂದೇನಾಯ್ತೇ?" ಎಂದರು ಅತ್ತೆ.

"ಇಲ್ಲಿ ಬನ್ನಿ ಅತ್ತೆ, ನಾನು ಹೇಳ್ತೀನಿ," ಎಂದರು ಹೊಲಿಗೆಯಕ್ಕ ಒಳಗಿನಿಂದ.

ಅತ್ತೆ ಎದ್ದು ಹೋದರು, ಬಾಗಿಲು ಮುಚ್ಚಿತು. ಕೇಳಬೇಕಿದ್ದರೆ ನಾನು ತಟ್ಟಬೇಕಿತ್ತು. ತಟ್ಟಲಿಲ್ಲ. ಅತ್ತೆ ಅಳುತ್ತ ಮೂಗೊರೆಸಿಕೊಂಡದ್ದು ಹೊರಗೂ ಕೇಳಿಸಿತು. ನನ್ನ ಓದಿಗೆ ಅವರು ಒಮ್ಮೆಯೂ ಅತ್ತವರಲ್ಲ.

ವಾರದೊಳಗೆ ಮಡಿಕೆ ತನ್ನ ಜಾಗಕ್ಕೆ ಮರಳಿತ್ತು. ಅತ್ತೆಯನ್ನು ಕೂರಿಸಿ ಅಚ್ಚಾದ ಕೊನೆಯನ್ನು ಓದಿದೆ. ಹೊಲಿಗೆಯಕ್ಕ ಹೇಳಿದ್ದು ಅದಲ್ಲವೆಂದು ಅತ್ತೆಯ ಮುಖದಿಂದಲೇ ತಿಳಿಯಿತು.

"ನಿಜ ಏನು ಅಂತ ಈಗ ಗೊತ್ತಾಯ್ತಲ್ಲ?" ಎಂದೆ.

"ಬರೆದೋನಿಗೆ ಮುಗಿಸೋಕೆ ಬರ್ಲಿಲ್ಲ ಬಿಡು," ಎಂದರು ಅತ್ತೆ. "ದೊಡ್ಡವಳು ಮುಗಿಸಿದ್ದೇ ಸರಿ."

ಆಮೇಲಿನ ಪ್ರತಿ ಕಾದಂಬರಿಯನ್ನೂ ಅತ್ತೆ ನನ್ನ ಬಳಿಯೇ ಕೇಳಿದರು. ಕೊನೆಗೆ ಮಾತ್ರ ಎದ್ದು ಒಳಕೋಣೆಗೆ ಹೋಗುತ್ತಿದ್ದರು.

ಹೊಲಿಗೆಯಕ್ಕ ಬಿಟ್ಟುಹೋದದ್ದು: ಎರಡು ಸೂಜಿ, ದಾರಕ್ಕೆ ಉಜ್ಜುವ ಮೇಣದ ಗಟ್ಟಿ, ಕನ್ನಡಕ, ನನಗಲ್ಲದೆ ತಮ್ಮ ತಂಗಿಯ ಮಗಳಿಗೆಂದು ಹೇಳಿಟ್ಟ ಗಣಿತದ ಪುಸ್ತಕಗಳು, ಮತ್ತು ನಾನು ಓದುವ ಯಾವ ಕೊನೆಯನ್ನೂ ಇಂದಿಗೂ ಒಪ್ಪದ ಅತ್ತೆ.