ಎಲ್ಲಿಗೆ ಎಂದು ಕೇಳದ ಫಕ್ಕೀರಪ್ಪ

ಫಕ್ಕೀರಪ್ಪ ಬ್ಯಾಡಗಿಯಲ್ಲಿ ಬಾಡಿಗೆ ಗಾಡಿ ಓಡಿಸುತ್ತಿದ್ದ. ಆದರೆ ಗಾಡಿ ಹತ್ತಿ ಕೂತವರನ್ನು ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಮನೆ ಬಿಟ್ಟು ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅಂಗಡಿಯವರು, ವಕೀಲರು, ಮಾಸ್ತರರು ಎಲ್ಲರೂ ನಂಬುತ್ತಾರೆ. ಅವರು ಯಾರೂ ಟ್ಯಾಕ್ಸಿ ಓಡಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

“ಕೇಳಿದ್ರ ನನಗೇನೂ ಆಗೂದಿಲ್ಲೋ ತಮ್ಮಾ,” ಎನ್ನುತ್ತಿದ್ದ. “ಹೋಗಾವ್ರಿಗೆ ಆಗ್ತೈತಿ. ಅವ್ರು ಹೊಳ್ಳಿ ಬಂದು ನನ್ನ ಮಾರಿ ನೋಡಬೇಕಲ್ಲ.”

ಅವನು ಎತ್ತರದ ಆಳು. ಬಲಗೈ ಎಡಗೈಗಿಂತ ಬಹಳ ಕಪ್ಪು. ವರ್ಷಗಟ್ಟಲೆ ಕಿಟಕಿಯ ಹೊರಗೆ ಬಿಸಿಲು ತಿಂದ ಕೈ ಅದು. ಹೀಗೆ ಬರೆದ ಕೂಡಲೇ ನನಗೆ ಅನುಮಾನ ಹುಟ್ಟುತ್ತದೆ. ಇದು ಫಕ್ಕೀರಪ್ಪನ ಕೈಯೋ, ನಾನು ನೋಡಿದ ಎಲ್ಲ ಡ್ರೈವರುಗಳ ಕೈಯೋ? ನೆನಪು ಸೋಮಾರಿ. ಒಂದು ಒಳ್ಳೆಯ ಕೈ ಸಿಕ್ಕರೆ ಅದನ್ನೇ ಎಲ್ಲರಿಗೂ ಜೋಡಿಸುತ್ತದೆ. ಅನುಮಾನವಿಲ್ಲದ್ದು ಅವನ ಬಿಳಿಯ ಸುಮೋ. ಅದರ ಮೂತಿಗೆ ದೃಷ್ಟಿಗೆಂದು ಕಟ್ಟುತ್ತಿದ್ದ ನಿಂಬೆಹಣ್ಣಿನ ಜೊತೆ ಬೇರೆ ಊರಿನವರಂತೆ ಹಸಿಮೆಣಸು ಇರುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಆರಿಸಿ ತಂದ ಒಣಮೆಣಸಿನಕಾಯಿ, ಸುಕ್ಕುಸುಕ್ಕಾದ ಕೆಂಪು ಕಡ್ಡಿಗಾಯಿ ಇರುತ್ತಿತ್ತು. “ಬ್ಯಾಡಗಿ ಗಾಡಿಗಿ ಬ್ಯಾರೆ ಊರ ಕಾಯಿ ಕಟ್ಟಿದ್ರ ದೃಷ್ಟಿ ಬಿಡೂದು ಅತ್ಲಾಗಿರ್ಲಿ, ಜನಾ ನಗ್ತಾರ.”

ಎಲ್ಲಿಗೆ ಎಂದು ಕೇಳದೆ ಬಾಡಿಗೆ ಹೊಡೆಯುವುದು ಹೇಗೆ? ಅದಕ್ಕೆ ಅವನದೇ ದಾರಿ ಇತ್ತು. ಗಾಡಿ ಬೇಕೆಂದು ಹೇಳಲು ಹೋದವರಿಗೆ ಒಂದೇ ಪ್ರಶ್ನೆ ಹಾಕುತ್ತಿದ್ದ: “ಗಾಡಿ ಮಾರಿ ಯಾವ ಕಡೆ ಮಾಡಿ ನಿಂದ್ರಸ್ಲಿರಿ?” ಮುಖ ಉತ್ತರಕ್ಕೆ ಎಂದರೆ ಹಾವೇರಿ, ಹುಬ್ಬಳ್ಳಿ. ದಕ್ಷಿಣಕ್ಕೆ ಎಂದರೆ ರಾಣೆಬೆನ್ನೂರು, ದಾವಣಗೆರೆ, ಅದರಾಚೆಯ ಲೋಕವೆಲ್ಲ. ಮಿಕ್ಕಿದ್ದನ್ನು ಕಣ್ಣಿನಿಂದಲೇ ತಿಳಿಯುತ್ತಿದ್ದ. ಕೈಯಲ್ಲಿ ಎಕ್ಸರೇ ಕವರು ಇದ್ದರೆ ದವಾಖಾನೆ. ಹೆಂಗಸರು ಹೊಸ ಇಳಕಲ್ ಸೀರೆ ಉಟ್ಟು ಗಂಡಸರು ಹಳೆ ಅಂಗಿ ಹಾಕಿದ್ದರೆ ಹೆಣ್ಣಿನ ಕಡೆಯವರ ಮದುವೆ. ಯಾರೂ ಒಬ್ಬರಿಗೊಬ್ಬರು ಮಾತಾಡದೆ ಕೂತಿದ್ದರೆ ಕೋರ್ಟು.

ಹಾವೇರಿಗೆ ಹೊಸದಾಗಿ ಬಂದ ಸಾಹೇಬರೊಬ್ಬರು ಒಮ್ಮೆ ಅವನ ಗಾಡಿ ಹತ್ತಿದರಂತೆ. ಕೇಳುವುದು ಡ್ರೈವರನ ಕೆಲಸ ಎಂದು ಸಾಹೇಬರು, ಹೇಳುವುದು ಹತ್ತಿದವರ ಕೆಲಸ ಎಂದು ಫಕ್ಕೀರಪ್ಪ. ಗಾಡಿ ಚಾಲೂ ಇಟ್ಟುಕೊಂಡು ಇಬ್ಬರೂ ಸುಮ್ಮನೆ ಕೂತರಂತೆ. ಕೊನೆಗೆ ಫಕ್ಕೀರಪ್ಪ, “ಸಾಹೇಬ್ರ, ಗಾಳಿ ಯಾವ ಕಡೀಂದ ಬೀಸಿದ್ರ ನಿಮಗ ಹಿತಾ?” ಎಂದು ಕೇಳಿದನಂತೆ. ಈ ಕತೆಯನ್ನು ನಾನು ಮೂವರ ಬಾಯಲ್ಲಿ ಕೇಳಿದ್ದೇನೆ. ಮೂವರೂ ಆ ದಿನ ಹಿಂದಿನ ಸೀಟಿನಲ್ಲಿ ತಾವೊಬ್ಬರೇ ಇದ್ದದ್ದಾಗಿ ಹೇಳಿದರು. ಹಾಗಾಗಿ ಅದನ್ನು ಅಲ್ಲಿಗೇ ಬಿಡುತ್ತೇನೆ. ನಾನು ಖಂಡಿತವಾಗಿ ಗಾಡಿಯೊಳಗಿದ್ದ ಪ್ರಸಂಗ ಒಂದಿದೆ.

ನಮ್ಮ ನೀಲವ್ವ ಅತ್ತೆಯ ಮಗಳು ಸುಮಂಗಲಾ ದಿಲ್ಲಿಯಲ್ಲಿದ್ದಳು. ಗಂಡ ಮಿಲಿಟರಿಯಲ್ಲಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅತ್ತೆ ಬಾಣಂತಿಯ ಕೋಣೆಗೆ ಸುಣ್ಣ ಹೊಡೆಸಿ ಕಾದಿದ್ದಳು. ಅಷ್ಟರಲ್ಲಿ ಬಸುರಿ ಹಾಸಿಗೆ ಬಿಟ್ಟು ಏಳಬಾರದು, ಹೆರಿಗೆ ಇವತ್ತೋ ನಾಳೆಯೋ ಎಂದು ಅಲ್ಲಿಯ ಡಾಕ್ಟರು ಹೇಳಿದರು. ರೈಲು ಹತ್ತಿದರೆ ದಿಲ್ಲಿ ಮುಟ್ಟಲು ಎರಡು ದಿನ ಬೇಕು. ಅಳಿಯ ಅತ್ತೆಯೊಬ್ಬಳಿಗೆ ಬೆಂಗಳೂರಿನಿಂದ ಗುರುವಾರ ಸಂಜೆಯ ವಿಮಾನಕ್ಕೆ ಟಿಕೀಟು ತೆಗೆಸಿದ. ಅತ್ತೆ ಅಲ್ಲಿಯವರೆಗೆ ವಿಮಾನವನ್ನು ನೋಡಿದ್ದು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುವಾಗ, ಅದೂ ತಲೆ ಎತ್ತಿ.

ಅತ್ತೆಯೇ ಫಕ್ಕೀರಪ್ಪನಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲಿದ್ದೆ.

“ಫಕ್ಕೀರಪ್ಪ, ಗುರುವಾರ ಮುಂಜಾನೆ ವಿಮಾನಕ್ಕ ಹೋಗೂದೈತಿ.”

“ಆತ್ರಿ ಅಕ್ಕಾರ. ಗಾಡಿ ಮಾರಿ ಯಾವ ಕಡೆ ಮಾಡಿ ನಿಂದ್ರಸ್ಲಿ?”

ಇಲ್ಲಿಯೇ ತೊಡಕು. ಗುರುವಾರ ದಕ್ಷಿಣ ದಿಕ್ಕಿನಲ್ಲಿ ಶೂಲ ನಿಂತಿರುತ್ತದೆ, ಆ ದಿನ ಆ ಕಡೆ ಹೊರಡಬಾರದು ಎಂಬುದು ಇನ್ನೊಂದು ನಂಬಿಕೆ. ಮಠದ ಅಯ್ಯನವರು ಅದಕ್ಕೊಂದು ಪರಿಹಾರ ಹೇಳಿದ್ದರು: ಮೊದಲು ಉತ್ತರಕ್ಕೆ ಹೊರಡಿ, ಒಂದಿಷ್ಟು ದೂರ ಹೋಗಿ, ಆಮೇಲೆ ದಕ್ಷಿಣದ ದಾರಿ ಹಿಡಿಯಿರಿ, ಶೂಲಕ್ಕೆ ಗೊತ್ತಾಗುವುದಿಲ್ಲ. ಅತ್ತೆ ಫೋನಿನಲ್ಲಿ, “ಉತ್ತರಕ್ಕ ಮಾಡಿ ನಿಂದ್ರಸಪ್ಪ” ಎಂದಳು. ವಿಮಾನ ಇರುವುದು ಬೆಂಗಳೂರಿನಲ್ಲಿ ಎಂಬುದು ಯಾರಿಗೆ ಗೊತ್ತಿಲ್ಲ ಎಂದು ಅವಳ ಎಣಿಕೆ. ಫಕ್ಕೀರಪ್ಪನಾದರೋ ಸ್ವಲ್ಪ ದಿನದ ಹಿಂದೆ ರಾಣೆಬೆನ್ನೂರಿನ ಬೀಜದ ಕಂಪನಿಯ ಅಧಿಕಾರಿಯೊಬ್ಬರನ್ನು ಹುಬ್ಬಳ್ಳಿಯ ಸಣ್ಣ ವಿಮಾನಕ್ಕೆ ಮುಟ್ಟಿಸಿ ಬಂದಿದ್ದ. ಅವನ ಪಾಲಿಗೆ ವಿಮಾನವೆಂದರೆ ಹುಬ್ಬಳ್ಳಿ.

ಗುರುವಾರ ಬೆಳಿಗ್ಗೆ ಸುಮೋ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಅತ್ತೆ, ಅವಳ ಗಂಡ ಬಸಲಿಂಗ ಮಾವ, ಮತ್ತು ಇಂಗ್ಲಿಷ್ ಬೋರ್ಡು ಓದಲೆಂದು ನಾನು. ಜೊತೆಗೆ ಬಾಣಂತಿಗೆ ಅಂಟಿನುಂಡಿ, ಒಣ ರೊಟ್ಟಿ, ಒಂದು ಚೀಲ ಖಾರದ ಪುಡಿ. ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲವೆಂದು ಕಾಣುತ್ತದೆ. ಕಿಟಕಿ ಏರಿಸಿದರೆ ಎಲ್ಲರೂ ಸೀನುತ್ತಿದ್ದೆವು. ಹತ್ತುವ ಮೊದಲು ಅತ್ತೆ ನಮ್ಮಿಬ್ಬರಿಗೂ ಹೇಳಿದಳು: “ಹೊಂಟ ಮ್ಯಾಲೆ ಗಾಡಿ ಹೊಳ್ಳಸು ಅಂತ ಯಾರೂ ಬಾಯಿ ಬಿಡಬ್ಯಾಡ್ರಿ. ಅಪಶಕುನ. ಅಂವ ತಾನ ಹೊಳ್ಳಸ್ತಾನ.”

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸಿಕ್ಕಿತು. ಬಲಕ್ಕೆ ರಾಣೆಬೆನ್ನೂರು, ಬೆಂಗಳೂರು. ಗಾಡಿ ಎಡಕ್ಕೆ ತಿರುಗಿತು. ಮೂವರೂ ಸುಮ್ಮನಿದ್ದೆವು. ಒಂದಿಷ್ಟು ದೂರ ಎಂದರೆ ಎಷ್ಟು ದೂರವೆಂದು ಅಯ್ಯನವರು ಹೇಳಿರಲಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಕಾಲ ಅದು. ಗಾಡಿ ಆಗಾಗ ಕೆಳಗಿಳಿದು ಮಣ್ಣಿನ ದಾರಿ ಹಿಡಿಯುತ್ತಿತ್ತು. ಅಂಥ ಪ್ರತಿ ತಿರುವಿನಲ್ಲೂ ಇಗೋ ಈಗ ಹೊಳ್ಳಿಸಿದ ಎಂದು ನಾವು ನೆಟ್ಟಗೆ ಕೂರುತ್ತಿದ್ದೆವು. ಗಾಡಿ ಮತ್ತೆ ಹೆದ್ದಾರಿ ಏರಿ ಉತ್ತರಕ್ಕೇ ಓಡುತ್ತಿತ್ತು.

ಹಾವೇರಿ ಬಂತು. ಹಾವೇರಿ ಹೋಯಿತು. ಬಸಲಿಂಗ ಮಾವ ನನ್ನ ಕಿವಿಯ ಹತ್ತಿರ ಬಾಗಿ, “ಇವತ್ತ ಶೂಲ ಭಾಳ ಉದ್ದ ಐತಿ ಅಲ್ಲಲೇ?” ಎಂದ.

ಅತ್ತೆಗೂ ಇರುಸುಮುರುಸು ಶುರುವಾಗಿತ್ತು. ಹೊಳ್ಳಿಸು ಎನ್ನುವಂತಿಲ್ಲ. ಸುತ್ತು ಬಳಸಿ ಮಾತು ತೆಗೆದಳು.

“ಫಕ್ಕೀರಪ್ಪ, ಬಿಸಿಲು ನನ್ನ ಬಲಗಲ್ಲಕ್ಕ ಬಡ್ಯಾಕತ್ತೈತಿ.”

“ಪರದೆ ಎಳಕೋರಿ ಅಕ್ಕಾರ.”

“ಎಡಗಲ್ಲಕ್ಕ ಬಡೀಬೇಕಿತ್ತಲ್ಲ ಅಂತ.”

“ಹಂಗಾರ ಈ ಕಡಿ ಸರದು ಕುಂದರ್ರಿ.”

ಅತ್ತೆ ಸರಿದು ಕೂತಳು. ಮಾವ ಸೀನಿದ. ಅಷ್ಟು ಹೊತ್ತಿಗೆ ಬಂಕಾಪುರದ ಕ್ರಾಸು ಕಾಣಿಸುತ್ತಿತ್ತು. ನಾನು ತಡೆಯಲಾರದೆ, “ಫಕ್ಕೀರಪ್ಪಣ್ಣಾರ, ಬೆಂಗಳೂರು ಇನ್ನ ಎಷ್ಟ ದೂರ ಐತಿ?” ಎಂದೆ.

“ಬೆಂಗಳೂರು? ಅದ್ಯಾಕ ಈಗ? ಅದು ಹಿಂದ ಉಳೀತಲ್ಲೋ ತಮ್ಮಾ.”

ಆಮೇಲಿನ ಕೆಲವು ನಿಮಿಷ ಗಾಡಿಯೊಳಗೆ ಯಾರು ಏನು ಹೇಳಿದರು ಎಂದು ಬರೆಯಲಾರೆ. ಮೂವರೂ ಒಟ್ಟಿಗೆ ಮಾತಾಡಿದೆವು. ಫಕ್ಕೀರಪ್ಪ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, “ಸುಮಿ ಒಬ್ಬಾಕೀನ ಅದಾಳೋ ಅಲ್ಲಿ,” ಎಂದಳು. “ಹೆಂಗಸರು ಅಂತ ಒಬ್ರೂ ಇಲ್ಲೋ ಆಕಿ ಕಡೆ.”

ಫಕ್ಕೀರಪ್ಪ ಕೆಳಗಿಳಿದ. ದಾರಿ ತಪ್ಪಿತೆಂದು ಹೊರಟ ಗಾಡಿಯನ್ನು ಹಿಂದಕ್ಕೆ ತಿರುಗಿಸುವುದು ಎಲ್ಲಿಗೆ ಎಂದು ಕೇಳುವುದಕ್ಕಿಂತ ದೊಡ್ಡ ಅಪಶಕುನ. ಮಾವ ವಾಚು ನೋಡುತ್ತ ಚಡಪಡಿಸುತ್ತಿದ್ದ. ಫಕ್ಕೀರಪ್ಪ ಹಿಂದಿನ ಬಾಗಿಲು ತೆರೆದು ಸಾಮಾನೆಲ್ಲ ಇಳಿಸಿ, ಚಹಾದಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

“ಇಳೀರಿ ಎಲ್ಲಾರು,” ಎಂದ. “ಪ್ರವಾಸ ಇಲ್ಲಿಗೆ ಮುಗೀತು. ಬಂಕಾಪುರಕ್ಕ ಬಂದ್ರಿ, ಮುಟ್ಟಿದ್ರಿ. ಚಾ ಕುಡೀರಿ.”

“ಏನ್ ಮಾತಾಡ್ತೀಯೋ ಫಕ್ಕೀರಾ?” ಎಂದ ಮಾವ.

“ಹೊಳ್ಳಸಾಕತ್ತಿಲ್ರಿ ಮತ್ತ. ಈ ಬಾಡಿಗಿ ಬ್ಯಾರೆ, ಮುಂದಿನ ಬಾಡಿಗಿ ಬ್ಯಾರೆ. ನೀವೀಗ ಬಂಕಾಪುರದ ಮಂದಿ. ಹೊಸಾದಾಗಿ ಹೊಂಡತೀರಿ.”

ಅತ್ತೆ ಕಣ್ಣೊರೆಸಿಕೊಂಡು ಇದನ್ನು ಗಂಭೀರವಾಗಿ ವಿಚಾರಿಸಿದಳು. “ಹೊಸಾದಾಗಿ ಹೊಂಟರೂ ಇವತ್ತ ಗುರುವಾರ. ಶೂಲ?”

“ಶೂಲ ನಮ್ಮನೀ ಬಿಡೋವಾಗ ಅಕ್ಕಾರ. ಬಂಕಾಪುರದಾಗ ನಿಮಗ ಮನೀನ ಇಲ್ಲಲ್ಲ.”

ಅತ್ತೆ ಒಪ್ಪಿದಳು. ನಿಂತೇ ಚಹಾ ಕುಡಿದೆವು. ಫಕ್ಕೀರಪ್ಪ ಗಾಡಿಯನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ, ಮೂತಿಯ ನಿಂಬೆಹಣ್ಣು ಬಿಚ್ಚಿ ಗಾಲಿಯ ಕೆಳಗಿಟ್ಟ, ಸಾಮಾನು ಮತ್ತೆ ಏರಿಸಿದ. ನಾವು ಅಪರಿಚಿತರಂತೆ ಹತ್ತಿ ಕೂತೆವು. ಆಗ ಅವನು ಹಿಂದಕ್ಕೆ ತಿರುಗಿ, ಎರಡೂ ಕಿವಿ ಹಿಡಿದುಕೊಂಡು, ಜನ್ಮದಲ್ಲಿ ಮೊದಲ ಸಲ ಕೇಳಿದ:

“ಅಕ್ಕಾರ, ಎಲ್ಲಿಗ್ರಿ?”

“ಬೆಂಗಳೂರಿಗೆ,” ಎಂದಳು ಅತ್ತೆ, ಮೆಲ್ಲಗೆ.

ಅವನು ಓಡಿಸಿದ ರೀತಿ ಹೇಳಲಾರೆ, ನಾನು ಹೆಚ್ಚಿನ ಹೊತ್ತು ಕಣ್ಣು ಮುಚ್ಚಿದ್ದೆ. ರಾಣೆಬೆನ್ನೂರು ಒಂದು ಹಾರ್ನಿನ ಉದ್ದವಿತ್ತು. ಊಟಕ್ಕೆ ನಿಲ್ಲಿಸಲಿಲ್ಲ, ಬಾಣಂತಿಯ ರೊಟ್ಟಿಯಲ್ಲೇ ನಾಲ್ಕು ಕಡಿಮೆಯಾದವು. ವಿಮಾನ ಆಗಿನ್ನೂ ಊರೊಳಗಿನ ಹಳೆಯ ನಿಲ್ದಾಣದಿಂದಲೇ ಹಾರುತ್ತಿತ್ತು. ಬೆಂಗಳೂರಿನ ವಾಹನಗಳ ನಡುವೆ ಸಿಕ್ಕಿಕೊಂಡಾಗ ಫಕ್ಕೀರಪ್ಪ ಹಾರ್ನು ಬಿಟ್ಟು ತಾನೇ ಕೂಗತೊಡಗಿದ: “ಸರೀರಿ, ಬಾಣಂತನ ಐತಿ!” ಕೆಲವರು ನಿಜವಾಗಿಯೂ ಸರಿದರು. ಗಾಡಿಯೊಳಗೆ ಇಣುಕಿದವರಿಗೆ ಮೂರು ಮುಖ ಕೆಂಪಾಗಿ ಕಣ್ಣೀರು ಸುರಿಸುತ್ತಿರುವುದು ಕಾಣುತ್ತಿತ್ತು. ಅದು ಖಾರದ ಪುಡಿ ಎಂದು ಅವರಿಗೆ ಹೇಗೆ ತಿಳಿಯಬೇಕು?

ನಿಲ್ದಾಣದ ಬಾಗಿಲಿಗೆ ಓಡಿದೆವು. ಅಲ್ಲಿ ಕಾವಲಿನವನು ಟಿಕೀಟಿಗೆ ಕೈ ಚಾಚಿ, ಅತ್ತೆಯನ್ನು ನೋಡಿ ಕೇಳಿದ: “ಎಲ್ಲಿಗಮ್ಮಾ ಹೋಗ್ತಿರೋದು?”

ಅತ್ತೆ ಕಲ್ಲಿನಂತೆ ನಿಂತಳು. ಹೊರಟವರು ಅದಕ್ಕೆ ಉತ್ತರ ಹೇಳುವಂತಿಲ್ಲ, ಬಂಕಾಪುರದಲ್ಲಿ ಒಮ್ಮೆ ಹೇಳಿದ್ದೇ ಹೆಚ್ಚು. ಒಳಗೆ ಧ್ವನಿವರ್ಧಕ ದಿಲ್ಲಿ ವಿಮಾನದ ಹೆಸರನ್ನು ಕೂಗುತ್ತಿತ್ತು. ಅವನು ಇನ್ನೊಮ್ಮೆ ಕೇಳಿದ. ಅತ್ತೆ ತುಟಿ ಬಿಗಿಹಿಡಿದಳು. ನಾನು ಬಾಯಿ ತೆರೆಯುವ ಮೊದಲೇ ಫಕ್ಕೀರಪ್ಪ ಗಾಡಿಯನ್ನು ನಡುದಾರಿಯಲ್ಲೇ ಬಿಟ್ಟು ಬಂದು ನಡುವೆ ನಿಂತ.

“ಅವ್ರನ್ನ ಕೇಳಬ್ಯಾಡ್ರಿ,” ಎಂದ. “ಯಾಕ ಹೊಂಟಾರ ಅಂತ ಕೇಳ್ರಿ, ಹೇಳ್ತೇನಿ. ಮಗಳ ಬಾಣಂತನಕ್ಕ ಹೊಂಟಾರ.”

ಕಾವಲಿನವನು ಟಿಕೀಟನ್ನು, ಅತ್ತೆಯ ಒದ್ದೆ ಕೆನ್ನೆಯನ್ನು ನೋಡಿ ಪಕ್ಕಕ್ಕೆ ಸರಿದ. ಅತ್ತೆ ಒಳಗೆ ಓಡಿದಳು. ಈ ಭಾಗ ಹೇಳಿದಾಗಲೆಲ್ಲ ಕೇಳಿದವರು ಮೆಚ್ಚುತ್ತಾರೆ, ಅದಕ್ಕೇ ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಆ ಮಾತು ಅವನು ಆಡಿದ್ದೋ, ಊರಿಗೆ ಬಂದ ಮೇಲೆ ನಾನು ಅವನ ಬಾಯಿಗೆ ಇಟ್ಟದ್ದೋ? ಬಸಲಿಂಗ ಮಾವನನ್ನು ಕೇಳಿದರೆ, ತಾನು ಆಗ ಸೀನುತ್ತಿದ್ದೆ, ಏನೂ ಕೇಳಿಸಲಿಲ್ಲ ಎನ್ನುತ್ತಾನೆ. ಎಲ್ಲರೂ ಒಪ್ಪುವ ಸಂಗತಿ ಇಷ್ಟು: ವಿಮಾನ ಸಿಕ್ಕಿತು, ಅತ್ತೆ ಮುಟ್ಟಿದ ಮೇಲೆಯೇ ಮಗು ಹುಟ್ಟಿತು, ಮೊದಲ ನೀರು ಅವಳೇ ಹಾಕಿದಳು.

ವಾಪಸು ಬರುವಾಗ, ತುಮಕೂರು ದಾಟಿದ ಮೇಲೆ ಫಕ್ಕೀರಪ್ಪ, “ಅಷ್ಟ ಓದಿದ ಊರಾಗ, ಹೊಂಟವ್ರನ್ನ ಬಾಗಲಾಗ ನಿಂದ್ರಿಸಿ ಎಲ್ಲಿಗೆ ಅಂತ ಕೇಳಾಕ ಪಗಾರ ಕೊಟ್ಟು ಒಬ್ಬನ್ನ ಇಟ್ಟಾರಲ್ಲೋ ತಮ್ಮಾ,” ಎಂದ. ವಿಮಾನಗಳು ಮೇಲೆ ಹೇಗೆ ನಿಲ್ಲುತ್ತವೆ ಎಂಬುದಕ್ಕಿಂತ ಅವನಿಗೆ ಅದೇ ದೊಡ್ಡ ಅಚ್ಚರಿ.

ಅವನನ್ನು ಕೊನೆಯ ಸಲ ನೋಡಿದ್ದು ಕೆಲವು ವರ್ಷದ ನಂತರ, ಹಾವೇರಿ ರೈಲು ನಿಲ್ದಾಣದಲ್ಲಿ. ಸುಮೋ ಮಾರಿಬಿಟ್ಟಿದ್ದ. ಬಡಕಲಾಗಿದ್ದ. ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಬಾಕಿನ ಮೇಲೆ ಒಬ್ಬನೇ ಕೂತಿದ್ದ.

“ಆರಾಮ ಅದೀಯೇನೋ ತಮ್ಮಾ? ಅಕ್ಕಾರ ಮಮ್ಮಗ ಸಾಲಿಗಿ ಹೊಂಟಾನೇನು?”

“ಹೊಂಟಾನ್ರಿ. ಹೊಳ್ಳಿ ಬಾ ಅಂದ್ರ ಬರೂದಿಲ್ಲ.”

ನಕ್ಕ. ಚೀಲದೊಳಗಿಂದ ದೊಡ್ಡ ಕಾಗದದ ಕವರೊಂದರ ಮೂಲೆ ಕಾಣುತ್ತಿತ್ತು. ಎಕ್ಸರೇ ಕವರಿನ ಬಣ್ಣದ್ದೇ ಎಂದು ಆಗ ಅನ್ನಿಸಿತೋ, ಈಗ ಅನ್ನಿಸುತ್ತಿದೆಯೋ. ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು, ಕೇಳುವಂತಿಲ್ಲ. ಕೊನೆಗೆ ಅವನ ಪ್ರಶ್ನೆಯನ್ನೇ ಅವನಿಗೆ ಹಾಕಿದೆ: “ಫಕ್ಕೀರಪ್ಪಣ್ಣಾರ, ಮಾರಿ ಯಾವ ಕಡೆ ಮಾಡಿ ಕುಂತೀರಿ?”

“ಬಾಕು ಯಾವ ಕಡೆ ಐತಿ, ಆ ಕಡೆ,” ಎಂದ.

ಬಾಕಿನ ಮುಖ ಹಳಿಗಳ ಕಡೆಗಿತ್ತು. ಹುಬ್ಬಳ್ಳಿಯ ಕಡೆಗೂ ಅಲ್ಲ, ಬೆಂಗಳೂರಿನ ಕಡೆಗೂ ಅಲ್ಲ. ನನ್ನ ರೈಲು ಮೊದಲು ಬಂತು. ಅವನು ನನ್ನನ್ನೂ ಎಲ್ಲಿಗೆ ಎಂದು ಕೇಳಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದಾಗ ಕೈ ಎತ್ತಿದ. ಎತ್ತಿದ ಕೈ ಇನ್ನೊಂದಕ್ಕಿಂತ ಕಪ್ಪಾಗಿತ್ತೋ ಇಲ್ಲವೋ ನೋಡಿಕೊಳ್ಳಲು ನನಗೆ ಹೊಳೆಯಲಿಲ್ಲ.

ಅವನು ತೀರಿಕೊಂಡದ್ದು ಆಮೇಲೆ ತಿಳಿಯಿತು. ಆ ದಿನ ಎಲ್ಲಿಗೆ ಹೊರಟಿದ್ದ ಎಂದು ಬ್ಯಾಡಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗ ಕೇಳಿದರೆ ಅವನಿಗೇನೂ ಆಗುವುದಿಲ್ಲ. ಆದರೂ ನಾನು ಕೇಳಿಲ್ಲ.