ಬಿಳಿ ಸೇವಂತಿಗೆ ಉದುರಿಸಿದ ಬಾವುಟ

ಪರದೇಶದ ಈ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸುಗಳ ಅಂಗಳದಲ್ಲಿ ಏಳೆಂಟು ಮನೆಯವರು ಸೇರಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಬಾವುಟದ ಉಸ್ತುವಾರಿ ನನ್ನದು. ಹಳದಿ ಮೇಲೋ ಕೆಂಪು ಮೇಲೋ ಎಂದು ಹಿಂದಿನ ದಿನ ಮೂರು ಸಲ ಬಿಚ್ಚಿ ನೋಡುವವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಪಕ್ಕದ ಮನೆಯ ಕೊರಿಯಾದ ಅಜ್ಜ ಪ್ರತಿ ವರ್ಷವೂ ಬೇಲಿಯಾಚೆ ನಿಂತು ನೋಡುತ್ತಿದ್ದರು. ಕಳೆದ ವರ್ಷ ಹಬ್ಬಕ್ಕೆ ಮೊದಲೇ ತಮ್ಮ ಮಗಳ ಮೂಲಕ ಕೇಳಿದರು, ನಿಮ್ಮ ಬಾವುಟ ಯಾವ ದೇಶದ್ದು? ದೇಶದ್ದಲ್ಲ, ರಾಜ್ಯದ್ದು, ಇದಕ್ಕಿನ್ನೂ ದೆಹಲಿಯ ಮೊಹರು ಬಿದ್ದಿಲ್ಲ ಎಂದೆ. ತಮ್ಮದೂ ಅಂಥದ್ದೇ ಎಂದು ಅಜ್ಜನ ಮುಖ ಅರಳಿತು. ಅವರು ಹುಟ್ಟಿದ ಪ್ರಾಂತ್ಯ ಉತ್ತರ ಕೊರಿಯಾಕ್ಕೆ ಸೇರಿಹೋಗಿದೆ. ಯುದ್ಧದಲ್ಲಿ ಅಪ್ಪನ ಹೆಗಲೇರಿ ಈಚೆ ಬಂದವರು; ಅಮ್ಮ ಅಲ್ಲೇ ಉಳಿದರು. ಆ ಪ್ರಾಂತ್ಯದ್ದೆನ್ನುವ ಬಾವುಟವೊಂದು ಮಗಳಿಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತ್ತು.

"ನಮ್ಮದರ ಪಕ್ಕ ಅದನ್ನೂ ಹಾರಿಸೋಣ" ಎಂದುಬಿಟ್ಟೆ. ಆಮೇಲೆ ಚಿಂತೆ ಶುರು. ನೀಲಿಯ ನಡುವೆ ಬಿಳಿ ಬೆಟ್ಟ. ಬರೆದವರು ಯಾರು? ಒಂದು ವೆಬ್‌ಪುಟ ಇನ್ನೊಂದರತ್ತ ಕೈ ತೋರಿಸಿತು, ಅದು ತಿರುಗಿ ಮೊದಲನೆಯದರತ್ತ. ಯಾರೋ ಮೀಟಿಂಗಿನಲ್ಲಿ ಬೇಸರಕ್ಕೆ ಗೀಚಿದ್ದಾಗಿದ್ದರೆ? ಎಂಬತ್ತು ದಾಟಿದವರಿಗೆ ಅವರ ಊರನ್ನೇ ಅಣಕಿಸಿದ ಹಾಗಾಗುವುದಿಲ್ಲವೇ? ಹೋಗಿ ಕೇಳಿಯೇಬಿಟ್ಟೆ.

"ಈ ಬಾವುಟ ನಾನೂ ಕಂಡಿಲ್ಲ. ಬೆಟ್ಟ ಇತ್ತು" ಎಂದರು ಅಜ್ಜ.

ನಮ್ಮ ಪದ್ಧತಿಯಂತೆ ಎರಡೂ ಬಾವುಟಗಳ ಮಡಿಕೆಯಲ್ಲಿ ಹೂವಿನ ದಳ ತುಂಬಬೇಕಿತ್ತು. ಗ್ರೋಸರಿಯಲ್ಲಿ ಬಿಳಿ ಸೇವಂತಿಗೆ ಮಾತ್ರ ಉಳಿದಿತ್ತು.

"ಹಳದಿ ಸಿಗ್ಲಿಲ್ವಲ್ಲೇ" ಎಂದೆ.

"ರೀ, ಹೂವು ಹೂವೇ. ಇದಕ್ಕೂ ಬಿಪಿ ಏರಿಸ್ಕೋತೀರಾ?" ಎಂದಳು ಹೆಂಡತಿ. ಅಪರೂಪಕ್ಕೆ ಏರಿಸಿಕೊಳ್ಳಲಿಲ್ಲ.

ಹಬ್ಬದ ದಿನ ಅಜ್ಜ ತಮ್ಮ ಬಾವುಟದ ಹಗ್ಗ ಎಳೆದರು. ಬಿಳಿ ದಳಗಳು ಅವರ ತಲೆಯ ಮೇಲೆ ಸುರಿದವು. ಮುಖದ ನಗು ಅಲ್ಲೇ ನಿಂತಿತು. ಮಗಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಬಿಳಿ ಸೇವಂತಿಗೆ ನಮ್ಮಲ್ಲಿ ಸತ್ತವರಿಗೆ ಇಡೋದು."

ಬೇಡದ್ದಕ್ಕೆಲ್ಲ ಹೆದರುವವನು ಹೆದರಬೇಕಾದಲ್ಲಿ ಆರಾಮಾಗಿದ್ದೆ! ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜ ಬಗ್ಗಿ, ದಳಗಳನ್ನು ಒಂದೊಂದಾಗಿ ಆಯ್ದು ಕಂಬದ ಬುಡದಲ್ಲಿಟ್ಟರು. ಎರಡು ಸಲ ನೆಲಮುಟ್ಟಿ ನಮಸ್ಕರಿಸಿ ಏನೋ ಹೇಳಿದರು. ಮಗಳು ನನ್ನತ್ತ ತಿರುಗಿ ಅದರ ಅರ್ಥ ಹೇಳಿದಳು.

"ಅವರ ಅಮ್ಮನಿಗೆ ಹೂವಿಡೋಕೆ ಇಷ್ಟು ವರ್ಷ ಜಾಗವೇ ಇರ್ಲಿಲ್ಲವಂತೆ."

ಆ ಬೆಟ್ಟವನ್ನು ಬರೆದವರು ಯಾರೆಂದು ಇನ್ನೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಈ ಸಲ ಯಾವ ಹೂವು ತರಲಿ ಎಂದು ಮಾತ್ರ ಅಜ್ಜನನ್ನು ಮುಂಚಿತವಾಗಿ ಕೇಳಿದೆ.

"ನಿಮ್ಮದಕ್ಕೆ ಹಳದಿ" ಎಂದರು. "ನನ್ನದಕ್ಕೆ ಹೋದ ವರ್ಷದ್ದೇ."